ಅರ್ಧ ಕಿಲೋ

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ
ಮಕ್ಬೂಲನ ಸೈಕಲ್ ಅಂಗಡಿಯ ಮೇಲೆ
ಹತ್ತಕ್ಕೆ ಹನ್ನೆರಡರ ಕೋಣೆ.
ಬಾಗಿಲಿಗೆ ಬೋರ್ಡು ಹಾಕಿಲ್ಲ. ಹಾಕಿದರೆ
'ಆಧಾರ್ ಪ್ರಿಂಟ್ ಆಗುತ್ತಾ ಮೇಡಂ?' ಎಂದು ಮೆಟ್ಟಿಲು ಹತ್ತುತ್ತಾರೆ.
(ಹಾಕದೆಯೂ ಹತ್ತುತ್ತಾರೆ.
ಮೊದಲ ವರ್ಷದ ಕರೆಂಟು ಬಿಲ್ಲು
ಆ ಪ್ರಿಂಟುಗಳೇ ಕಟ್ಟಿದವು.)

ಯಜಮಾನಿ ನಾನು, ಗುಮಾಸ್ತೆ ನಾನು,
ಕಸ ಗುಡಿಸುವವಳೂ ನಾನೇ.
'ಟೆಕ್ನಿಕಲ್ ಟೀಮಿಗೆ ಹೇಳ್ತೀನಿ ಸಾರ್' ಎಂದು ಫೋನಿಟ್ಟು
ಕುರ್ಚಿ ತಿರುಗಿಸಿ
ನನಗೆ ನಾನೇ ಹೇಳುತ್ತೇನೆ.
ಟೀಮು ಒಮ್ಮೊಮ್ಮೆ ಮಾತು ಕೇಳುವುದಿಲ್ಲ.

ಮಾಡುವುದು ಮೂಟೆಯ ಲೆಕ್ಕ.
ಜಲಂಧರದಿಂದ ಲಾರಿಯಲ್ಲಿ ಬಂದ ಬಿತ್ತನೆ ಆಲೂಗೆಡ್ಡೆ
ಯಾರದು, ಎಷ್ಟು, ಕೋಲ್ಡ್ ಸ್ಟೋರೇಜಿನ
ಯಾವ ಅಂಕಣದಲ್ಲಿ ಮಲಗಿದೆ,
ಯಾರು ಮುಂಗಡ ಕೊಟ್ಟರು, ಯಾರು ನಾಳೆ ಎಂದರು.
ಅಷ್ಟೇ.
ಆ ಅಷ್ಟಕ್ಕೆ ಹದಿನಾಲ್ಕು ತಿಂಗಳು.
ಪಾಲಿಟೆಕ್ನಿಕ್ಕಿನ ಪಾರ್ಟ್‌ಟೈಮ್ ಪಾಠ ಹೋಯಿತು.
ಎರಡು ಬಳೆಯೂ ಹೋಗಿ
ಬ್ಯಾಂಕಿನ ತಂಪಿನಲ್ಲಿ ಮಲಗಿದವು.

ಮೊದಲ ಗಿರಾಕಿ ಧರಣೇಂದ್ರಯ್ಯ.
ನೋಡಿದ್ದು ಹತ್ತು ನಿಮಿಷ, ಚೌಕಾಸಿ ಎರಡು ಗಂಟೆ.
'ಎಂಟು ಸಾವಿರ ಅಂತೀಯ, ಇದರಲ್ಲಿ ತೂಕ ಎಲ್ಲಿದೆಯಮ್ಮ?
ಕೈಗೆ ಕೊಡೋಕೆ ಒಂದು ಡಬ್ಬಿನಾದ್ರೂ ಬೇಡ್ವ?'
ಮಾರನೆಯ ದಿನ ಡಬ್ಬಿಯಲ್ಲೇ ಕೊಟ್ಟೆ:
ಒಂದು ಪೆನ್‌ಡ್ರೈವು, ನಾಲ್ಕು ಪೇಡ.
ಬರೆದ ಚೆಕ್ಕನ್ನು ಬ್ಯಾಂಕಿಗೆ ಹಾಕಲು
ನಾಲ್ಕು ದಿನ ಮನಸ್ಸೇ ಬರಲಿಲ್ಲ.

ಮೇ ತಿಂಗಳು. ಎಪಿಎಂಸಿ ಮುಂದೆ ರಾತ್ರಿಯಿಂದಲೇ ಸಾಲು.
ಹನ್ನೊಂದು ಮಂಡಿ, ಹನ್ನೊಂದು ಕಂಪ್ಯೂಟರು, ಒಬ್ಬಳೇ ನಾನು.
ಸ್ಕೂಟರಿನಲ್ಲಿ ಲ್ಯಾಪ್‌ಟಾಪು, ಲ್ಯಾಪ್‌ಟಾಪಿನಲ್ಲಿ ಮಣ್ಣು,
ಮಧ್ಯಾಹ್ನಕ್ಕೆ ನಿಂತೇ ತಿಂದ ಬನ್ನು.
ಆಗ ಸಿಕ್ಕಿದರು ಸಣ್ಣಬಸಪ್ಪ,
ಅರಸೀಕೆರೆ ಕಡೆಯ ಹಳೇ ಗುಮಾಸ್ತ, ಕಿವಿಯ ಮೇಲೆ ಪೆನ್ಸಿಲು.
'ನಿನ್ ಕಂಪ್ಯೂಟ್ರು ಅರ್ಧ ಕಿಲೋ ನುಂಗ್ತಾ ಐತೆ ಕಣಮ್ಮ.'
ಸಾಧ್ಯವೇ ಇಲ್ಲ ಎಂದೆ.
ಅವರು ವಾದಿಸಲಿಲ್ಲ. ಬೀಡಿ ಕಟ್ಟಿನ ಕಾಗದದ ಹಿಂದೆ
ಕೂಡಿದರು, ಕಳೆದರು, ನನ್ನ ಕಡೆ ತಿರುಗಿಸಿದರು.

ತಕ್ಕಡಿ ನಲವತ್ತೊಂಬತ್ತೂವರೆ ಎಂದರೆ
ನಾನು ನಲವತ್ತೊಂಬತ್ತು ಎನ್ನುತ್ತಿದ್ದೆ.
ದಶಮಾಂಶದಾಚೆಯ ಐದನ್ನು
ಹೊಸಿಲು ದಾಟಿಸದೆ ಹೊರಗೇ ನಿಲ್ಲಿಸಿದ್ದೆ.
ಹಾಗೆ ಅರೆ ಕಳೆದುಕೊಂಡ ಮೂಟೆ ಎರಡು ಸಾವಿರ.
ಹತ್ತು ಕ್ವಿಂಟಲ್ ಗೆಡ್ಡೆ
ನಾನು ಬರೆದ ಒಂದು ಸಾಲಿನೊಳಗೆ ಬಿದ್ದು ಕೊಳೆಯುತ್ತಿತ್ತು.

ತಿದ್ದಿದ್ದು ಒಂದು ಚಿಹ್ನೆ.
ತಿದ್ದಲು ಎರಡು ನಿಮಿಷ, ಹುಡುಕುವಾಗ ಬೆಳಗಿನ ನಾಲ್ಕೂಕಾಲು.
ಆಮೇಲೆ ಮಂಡಿಯಿಂದ ಮಂಡಿಗೆ ಹೋಗಿ ಹನ್ನೊಂದು ಸಲ
ತಪ್ಪು ನನ್ನದು ಎಂದೆ.
ಮೂರನೆಯ ಸಲದಿಂದ ಬಾಯಿಗೆ ಸಲೀಸಾಯಿತು.
ನಾಲ್ವರು ಬಿಟ್ಟರು. ಒಬ್ಬರು ಬೈದು, ಕಾಫಿ ತರಿಸಿದರು.
ಧರಣೇಂದ್ರಯ್ಯ ಹಣ ವಾಪಸು ಕೇಳಲಿಲ್ಲ;
ಮುಂದಿನ ವರ್ಷದ್ದು 'ನೋಡೋಣ' ಎಂದರು.
ನೋಡೋಣ ಎಂದರೆ ಏನೆಂದು
ಹಾಸನದವರಿಗೆ ಹೇಳಬೇಕಿಲ್ಲ.

ಬಿತ್ತನೆ ಮುಗಿದ ಮೇಲೆ ಬೀಜದ ಲೆಕ್ಕ ಯಾರಿಗೆ ಬೇಕು?
ಜುಲೈ, ಆಗಸ್ಟು. ಫೋನು ಚಾರ್ಜಿನಲ್ಲೇ ಇರುತ್ತಿತ್ತು.
ಹಾಸನಾಂಬೆಯ ಗುಡಿಯಲ್ಲಿ
ವರ್ಷ ಕಳೆದು ಬಾಗಿಲು ತೆಗೆದಾಗಲೂ ದೀಪ ಉರಿಯುತ್ತಿರುತ್ತದಂತೆ.
ನನ್ನ ಯುಪಿಎಸ್ಸು ಇಪ್ಪತ್ತು ನಿಮಿಷ.

ನವೆಂಬರಿನಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು.
ಪ್ರಿಂಟ್ ಇಲ್ಲ, ಇಂಕು ಮುಗಿದಿದೆ ಎಂದೆ, ತಲೆ ಎತ್ತದೆ.
ಸಣ್ಣಬಸಪ್ಪ ಏದುಸಿರು ಬಿಡುತ್ತ ನಿಂತಿದ್ದರು.
'ಶುಂಠಿಗೂ ಇಂಥದ್ದೊಂದು ಮಾಡ್ಬೋದ?
ಅರವತ್ತು ಕಿಲೋ ಚೀಲ. ಮಣ್ಣು ಬೇರೆ ಕಳೀಬೇಕು.
ನೀನು ಅದೇನ್ ಬರೀತೀಯೋ ಬರಿ. ನಾನು ಕೂಡಿ ನೋಡ್ತೀನಿ.'
ಸಂಬಳದ ಮಾತು ಅವರೆತ್ತಲಿಲ್ಲ.
ನಾನೂ ಎತ್ತಲಿಲ್ಲ, ಧೈರ್ಯ ಸಾಲದೆ.
ಪೆನ್ಸಿಲು ಮೇಜಿನ ಮೇಲಿಟ್ಟು
ಕಿಟಕಿಯ ಪಕ್ಕದ ಸ್ಟೂಲು ಎಳೆದುಕೊಂಡರು.

ಮಣ್ಣು ಶೇಕಡಾ ಎಷ್ಟು ಹಿಡಿಯೋಣ ಎಂದೆ.
ಯಾರ ಹೊಲ ಅನ್ನೋದರ ಮೇಲೆ ಎಂದರು.
ಕೆಳಗೆ ಮಕ್ಬೂಲ್
ಟ್ಯೂಬನ್ನು ಬಕೆಟ್ಟಿನ ನೀರಿಗೆ ಅದ್ದಿ
ಗುಳ್ಳೆ ಎಲ್ಲಿಂದ ಏಳುತ್ತದೆಂದು ಕಾಯುತ್ತಿದ್ದ.