ಮೂಲಂಗಿ ಸೊಪ್ಪಿನ ನೀರು

ಮಾಡಿನ ಮೇಲಿನ ಹಿಮ ಕೆಡವಿ ಕೆಡವಿ ನಡು ಹಿಡಿದುಕೊಂಡ ವಾರ
ಪಕ್ಕದ ಮನೆಯ ಕುದೋ ಅಜ್ಜಿ ತಂದಳು
ಒಣಗಿದ ಮೂಲಂಗಿ ಸೊಪ್ಪಿನ ಮೂರು ಕಟ್ಟು.
ನವೆಂಬರಿನಿಂದ ಅವಳ ಸೂರಿನಡಿ ತೂಗಿ
ಹೊಗೆಸೊಪ್ಪಿನಂತೆ ಕಂದಿದ್ದು, ಮುಟ್ಟಿದರೆ ಪುಡಿ.
"ದೊಡ್ಡ ಪಾತ್ರೆಯಲ್ಲಿ ಕುದಿಸು, ಚಹಾ ಬಣ್ಣಕ್ಕೆ ತಿರುಗಲಿ,
ಬಟ್ಟೆಯಲ್ಲಿ ಸೋಸು, ಒಂದು ಹಿಡಿ ಕಲ್ಲುಪ್ಪು,
ತೊಟ್ಟಿಗೆ ಸುರಿದು ಕುತ್ತಿಗೆವರೆಗೆ ಕೂರು.
ನಮ್ಮತ್ತೆ ಕಾಲದ್ದು. ನೋವು ಇಳಿಯುತ್ತೆ."
ಏನು ಏರುತ್ತೆ ಅಂತ ಹೇಳಲಿಲ್ಲ.

ಯೊಕೊತೆಯಲ್ಲಿ ಆ ರಾತ್ರಿ ಮೈನಸ್ ಒಂಬತ್ತು.
ಈ ಮನೆಗೆ ಬಂದ ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ
ತೊಟ್ಟಿಯ ಮೊದಲ ನೀರು ನನ್ನದು.
ಎಂದೂ ಕೊನೆಯವಳು ನಾನು,
ಮಾವ, ಗಂಡ, ಮಗ ಎದ್ದ ಮೇಲೆ
ಉಳಿದಷ್ಟು ಬಿಸಿ.

ಹೊರಗೆ ಕೂತು ಮೈ ತೊಳೆದು ಒಳಗಿಳಿದೆ.
ಉತ್ತ ಮಣ್ಣಿನ ವಾಸನೆ, ಚೂರು ಗಂಧಕ.
ಸಾರಿಗೆ ಬಿದ್ದ ತರಕಾರಿ ನಾನು ಅನ್ನಿಸಿ ನಗು ಬಂತು,
ಉಪ್ಪು ಸಾಕಾ ಅಂತ ನಾಲಿಗೆ ತುದಿಗೆ ಒಂದು ಹನಿ ಇಟ್ಟೂ ನೋಡಿದೆ.

ಆಮೇಲೆ, ಎಲ್ಲಿಂದಲೋ, ಆ ಕಲ್ಲು.

ಉಪ್ಪಿನಕಾಯಿ ಪೀಪಾಯಿಯ ಮೇಲೆ ಹೇರುವ ಕಲ್ಲು.
ನನಗೆ ಒಂಬತ್ತು. ಹೊಗೆ ಕುಡಿದ ಮೂಲಂಗಿಗಳನ್ನು
ಒತ್ತೊತ್ತಾಗಿ ಮಲಗಿಸಿ ಅಮ್ಮ
ಅಕ್ಕ ಸುಜುಯೆಗೆ ಉಪ್ಪಿನ ಬಟ್ಟಲು ಕೊಟ್ಟಳು,
ನನಗೆ ಕಲ್ಲು.
ಕೈ ಜಾರಿ, ಪೀಪಾಯಿಯ ಅಂಚು ತಾಗಿ,
ಬಲಗಾಲ ಹೆಬ್ಬೆರಳ ಮೇಲೆ ಬಿತ್ತು.
ಅಮ್ಮ ಓಡಿ ಬಂದು
ಮೊದಲು ಪೀಪಾಯಿ ನೋಡಿದಳು.

ಇದನ್ನು ನೂರು ಸಲ ಹೇಳಿದ್ದೇನೆ.
ನನ್ನದೇ ಮದುವೆಯ ಊಟದಲ್ಲಿ, ಅಂಚೆ ಕಚೇರಿಯ ವರ್ಷಾಂತ್ಯದ ಕೂಟದಲ್ಲಿ,
ಅಮ್ಮನ ದನಿ ತೆಗೆದು, ಬಗ್ಗಿ ಪೀಪಾಯಿ ಸವರಿ ತೋರಿಸಿ.
ಎಲ್ಲರೂ ಹೊಟ್ಟೆ ಹಿಡಿದು ನಕ್ಕಿದ್ದಾರೆ. ನಾನೂ.

ಆ ಕಂದು ನೀರಿನಲ್ಲಿ ಕತೆ ನಗಿಸಲಿಲ್ಲ.
ಬಂದದ್ದು ಸಿಟ್ಟು. ಅಳುವಾಗಿದ್ದರೆ ಪರಿಚಯವಿತ್ತು,
ಮುಖಕ್ಕೆ ನೀರೆರಚಿಕೊಂಡು ಸುಮ್ಮನಾಗುತ್ತಿದ್ದೆ.
ಇದು ಹೆಬ್ಬೆರಳಿಂದ ಹೊರಟು ಮಂಡಿ, ತೊಡೆ,
ಹಿಡಿದ ನಡುವನ್ನು ಹೇಳದೆ ಕೇಳದೆ ದಾಟಿ
ನೆತ್ತಿಗೆ.
ನಲವತ್ತೆರಡು ವರ್ಷ ಕಲ್ಲಿನಡಿ ಇದ್ದೂ ಮೆತ್ತಗಾಗಿರಲಿಲ್ಲ,
ಕಚ್ಚಿದರೆ ಕರುಂ ಅನ್ನುತ್ತಿತ್ತು.

ನೀರಿಗೆ ಗುದ್ದಿದೆ. ಸೊಪ್ಪಿನ ಗಂಟನ್ನು
ಕತ್ತು ಹಿಸುಕುವ ಹಾಗೆ ಹಿಂಡಿದೆ.
"ಏನಾಯ್ತು?" ಅಂದ ಹಿಸಾನೊರಿ, ಬಾಗಿಲಾಚೆಯಿಂದ.
"ನಿನ್ನ ಸರದಿ ಇನ್ನೂ ಬಂದಿಲ್ಲ!"
ಈ ಮನೆ ಅಂಥ ದನಿ ಕೇಳಿರಲಿಲ್ಲ.
ಮಾವನ ಟೀವಿ ಸದ್ದು ತಗ್ಗಿತು.

ನಂತರ ಇಳಿದ ಹಿಸಾನೊರಿ ಮುಕ್ಕಾಲು ಗಂಟೆ ಏಳಲೇ ಇಲ್ಲ.
ಹೊರಬಂದು, ಯಾರೂ ಕೇಳದೆಯೇ,
ಎರಡನೇ ತರಗತಿಯಲ್ಲಿ ಕದ್ದ ಒಂದು ರಬ್ಬರಿನ ವಿಷಯ ಹೇಳಿ
ಟವೆಲಿನಲ್ಲಿ ಮುಖ ಒರೆಸುತ್ತಲೇ ನಿಂತ.
ಮಾವ ಆ ರಾತ್ರಿ ಸ್ನಾನ ಬೇಡ ಅಂದರು.

ಬೆಳಿಗ್ಗೆ ಅಮ್ಮನಿಗೆ ಫೋನು ಮಾಡಿದೆ.
"ಆ ಕಲ್ಲು ಬಿದ್ದದ್ದು ನೆನಪಿದೆಯಾ?"
ಬಹಳ ಹೊತ್ತು ಬರೀ ಉಸಿರು.
"ಪೀಪಾಯಿ ಒಡೆದಿತ್ತಾ?"
"ಇಲ್ಲ."
ಮತ್ತೆ ಉಸಿರು. ಹಿಂದೆಲ್ಲೋ ಕೆಟಲಿನ ಸಿಳ್ಳೆ.
"ಬೆರಳು, ಮಿಯೊಕೊ?"
ಈ ಸಲವೂ ಬೆರಳು ಎರಡನೆಯದಾಗಿಯೇ ಬಂತು.
"ಉಗುರು ಸೊಟ್ಟ ಬೆಳೆಯುತ್ತೆ" ಅಂದೆ.
"ಬಂದಾಗ ತೋರಿಸು" ಅಂದಳು.

ಸಂಜೆ ಹಾದಿಯ ಹಿಮ ಸರಿಸುತ್ತ ಕುದೋ ಅಜ್ಜಿ
ಬೇಲಿಯಾಚೆಯಿಂದ ಕೂಗಿದಳು, "ನಡು ಹೇಗಿದೆ?"
"ಹಾಗೇ ಇದೆ.
ಇನ್ನೆರಡು ಕಟ್ಟು ಇದ್ದರೆ ಕೊಡಿ."