ಅರವತ್ಮೂರನೇ ಪುಟ

ಯೂನಿವರ್ಸಿಟಿ ಲೈಬ್ರರಿಯ ಮೆಟ್ಟಿಲ ಕೆಳಗ
ನನ್ನದೊಂದು ಜೆರಾಕ್ಸ್ ಮಷಿನ್.
ಅದರ ಮ್ಯಾಲಿನ ಗ್ವಾಡಿಗಿ ಹೊಸ ಸುತ್ತೋಲೆ ಹಚ್ಚ್ಯಾರ:
ಒಂದು ಪುಸ್ತಕಕ್ಕ ಒಂದೇ ಅಧ್ಯಾಯ,
ಓದಲಿಕ್ಕ ಮಾತ್ರ, ಮಾರಲಿಕ್ಕಲ್ಲ,
ವಿದ್ಯಾರ್ಥಿಯಾಗ್ಲಿ ಪ್ರೊಫೆಸರ್ ಆಗ್ಲಿ
ಸಹಿ ಮಾಡಿದವರೇ ಜವಾಬ್ದಾರರು.
ಕೌಂಟರಿನ ಮ್ಯಾಲೆ ಸಹಿ ವಹಿ. ಅದರ ಮೊದಲ ಹಾಳ್ಯಾಗ
ಯಾರೋ ಚಹಾದ ಲೆಕ್ಕ ಬರದಾರ.

ಬ್ಯಾಸಗಿ ಬಿಸಿಲಿಗಿ ಮಷಿನ್ ಒಳಗ
ಕಾಗದ ಸುರುಳಿ ಸುತ್ತತಾವ.
ಪರೀಕ್ಷಾ ಬಂತಂದ್ರ ಹುಡುಗರು
"ಅಕ್ಕಾ, ಪೂರಾ ಹೊಡಿ, ಸ್ಪೈರಲ್ ಹಾಕು" ಅಂತಾರ.
ಆರುನೂರರ ಪುಸ್ತಕ ನೂರಾ ಹತ್ತಕ್ಕ ಕೈಗಿ ಬರ್ತದ.
ಮೆಸ್ ಬಿಲ್ ತುಂಬದ ಹುಡುಗಗ
ಯಾವ ಬಾಯಿಲೆ ಇಲ್ಲ ಅನ್ಲಿ?
ಕಾರ್‌ನಾಗ ಬರೋ ಸಾಹೇಬ್ರೂ ಪೂರಾನೇ ಕೇಳ್ತಾರ.
ಅವರಿಗಿ ಅನ್ನಬಹುದಿತ್ತು. ಅನ್ಲಿಲ್ಲ.

ಪುಸ್ತಕ ಅಗಲ ಮಾಡಿ ಒತ್ತಿ ಹಿಡಿಯುವಾಗ
ಅಂಚಿನಾಗ ನನ್ನ ಹೆಬ್ಬಟ್ಟಿನ ನೆರಳು ಬೀಳ್ತದ,
ಈಳಿಗಿ ಕೊಯ್ದ ಅಡ್ಡ ಗಾಯದ ಸಮೇತ.
ಎಷ್ಟು ಮಂದಿ ಬರದ ಎಷ್ಟು ಪುಸ್ತಕದಾಗ
ನಂದೂ ಒಂದು ಹೆಬ್ಬಟ್ಟದ!

ಮೊನ್ನಿ ಶಹಾಬಾದದಿಂದ ತಿಪ್ಪಣ್ಣ ಮಾಸ್ತರು ಬಂದ್ರು,
ಚೀಲದಾಗ ಒಂದು ಸ್ಪೈರಲ್ ಪ್ರತಿ.
ಫರ್ಸಿ ಗಣಿ ಮಂದಿ ಆಡೋ ಮಾತಿನ ಕೋಶ,
ತಾವೇ ಬರದದ್ದು, ತಾವೇ ಅಚ್ಚು ಹಾಕಿಸಿದ್ದು.
ಅಸಲಿ ಒಂದೂ ಉಳಿದಿಲ್ಲ;
ಇದು ಭಾಡಗಿ ಹುಡುಗನ ಖೋಲ್ಯಾಗ ಸಿಕ್ಕಿತಂತ.
"ಪೂರಾ ಬೇಕಂದ್ರ ಬರದವರ ಒಪ್ಪಿಗಿ ಬೇಕ್ರಿ,"
ವಹಿ ಮುಂದ ಸರಿಸಿದೆ.
"ಬರದಾಂವ ನಾನೇ ತಂಗಿ," ಅಂದು ಸಹಿ ಮಾಡಿದ್ರು,
ಚಹಾದ ಲೆಕ್ಕ ದಾಟಿ, ಸಾವಕಾಶ.

ಆಮ್ಯಾಲ ಪುಟ ತಿರುವಿ
ಅಂಚಿನ ಕರಿ ನೆರಳಿಗಿ ಬೆರಳಿಟ್ಟು
ನನ್ನ ಕೈ ನೋಡಿದ್ರು.
ನಾ ಸೆರಗಿನಾಗ ಮುಚ್ಚಿಕೊಂಡೆ.
ಬೈತಾರ ಅಂದ್ಕೊಂಡೆ, ರೊಕ್ಕ ಕೇಳ್ತಾರ ಅಂದ್ಕೊಂಡೆ.
"ಎರಡು ಹಾಳಿ ಒಮ್ಮಿಗೇ ಹೊಳ್ಳಿಸೀದಿ," ಅಂದ್ರು.
"ಅರವತ್ತೆರಡು ಹೋಗ್ಲಿ, ಬರೇ ಫೋಟೋ.
ಅರವತ್ಮೂರರಾಗ ಹೆಸರಿದ್ವು, ಮಾತು ಕೊಟ್ಟವರದು.
ಹುಸೇನಬಿ, ಸಾಬಮ್ಮ, ಕುಂಟ ಮರೆಪ್ಪ,
ಉಳಿ ಹಿಡದವರು ಹದಿನೇಳು ಮಂದಿ.
ಪುಸ್ತಕ ನಂದು ಅಂತೀನಿ. ಮಾತು ಅವರವು."

"ನೆನಪಿದ್ದಷ್ಟು ಹೇಳ್ರಿ," ಅಂದೆ.
ಮಷಿನ್ ಬಂದ್ ಮಾಡಿ
ಖಾಲಿ ಹಾಳಿ ತಗೊಂಡೆ, ಪೆನ್ನು ಹಿಡದೆ.

ಹನ್ನೊಂದು ಬಂದ್ವು. ಹನ್ನೆರಡನೇದಕ್ಕ
ಕಣ್ಣು ಮುಚ್ಚಿ ಭಾಳ ಹೊತ್ತು ಕುಂತ್ರು.
ಹೊರಗ ಸರದಿ ಬೆಳೀಲತ್ತಿತ್ತು,
"ಅಕ್ಕಾ, ಜಲ್ದಿ" ಅಂತ
ಕೌಂಟರಿಗಿ ಯಾರೋ ನಾಣ್ಯ ಕುಟ್ಟಲತ್ತಿದ್ರು.