ಭಾನುವಾರದ ಜ್ವರ

ಭಾನುವಾರದಿಂದ ಮೂರು ದಿನ
ಏಳು ಮಕ್ಕಳಿಗೆ ಜ್ವರ ಬರುವುದೆಂದು
ಗುರುವಾರವೇ ತೀರ್ಮಾನವಾಯಿತು.
ಕುರುವಿಲ್ಲಾ ಮೇಡಂ ಪಟ್ಟಿ ಕೊಟ್ಟರು,
ಪೆನ್ಸಿಲ್ಲಿನಲ್ಲಿ ಬರೆದದ್ದು, ಸಹಿ ಇಲ್ಲದ್ದು.
"ಬಾಯಲ್ಲೇ ಹೇಳಿ. ವಾಟ್ಸಾಪ್ ಬೇಡ."

ಗೇಟಿನ ಬ್ಯಾನರಿನಲ್ಲಿ ನಮ್ಮ ಶಾಲೆ 'ಉತ್ತಮ'.
ತಪಾಸಣೆಯವರು ಈ ಸಲ 'ಅತ್ಯುತ್ತಮ' ಕೊಡಬೇಕಂತೆ.
ಎರಡರ ನಡುವೆ ಇರುವುದು ಒಂದೇ ಒಂದು 'ಅತಿ'.
ಅದಕ್ಕಾಗಿ ಗೋಡೆಗೆ ಪೇಂಟು, ಲ್ಯಾಬಿಗೆ ಹೊಸ ಬೀಗ,
ಕಾರಿಡಾರಿನುದ್ದಕ್ಕೂ ಪ್ಲಾಸ್ಟಿಕ್ ಗಿಡ.
ಹೊರಗೆ ನಿಜವಾದ ಖರ್ಜೂರದ ಮರ ಧೂಳು ಹೊತ್ತು ನಿಂತಿದೆ,
ಅದನ್ನು ಯಾರೂ ಒರೆಸಲಿಲ್ಲ.

ನಾನು ಕಲಿತದ್ದು ಬಂಟ್ವಾಳದ ಹತ್ತಿರ, ಸರಕಾರಿ ಶಾಲೆ.
ಇನ್ಸ್‌ಪೆಕ್ಟರು ಬರುವ ದಿನ ಹೆಡ್‌ಮಾಸ್ಟ್ರು
ಬೀಡಿ ಕಟ್ಟುತ್ತ ಕೂತ ಹುಡುಗಿಯರನ್ನೂ
ಮನೆಮನೆಯಿಂದ ಎಬ್ಬಿಸಿ ತಂದು ಬೆಂಚು ತುಂಬಿಸುತ್ತಿದ್ದರು.
ಅದೂ ಸುಳ್ಳೇ.
ಆದರೆ ಒಳಗೆ ಕರೆಯುವ ಸುಳ್ಳು.

ಮುಹರ್ರಕ್‌ನಲ್ಲಿ ಆಕಾಶ ತಗ್ಗು.
ಹತ್ತು ನಿಮಿಷಕ್ಕೊಂದು ವಿಮಾನ
ಕಿಟಕಿ ನಡುಗಿಸಿ ಇಳಿಯುತ್ತದೆ,
ಉಕ್ತಲೇಖನ ಅರ್ಧಕ್ಕೆ ನಿಲ್ಲುತ್ತದೆ.
ನಾಲ್ಕನೆಯ ಬೆಂಚಿನ ಅಫ್ಲಹ್ ತಲೆ ಎತ್ತದೆಯೇ ಹೇಳುತ್ತಾನೆ
ಯಾವುದು, ಎಲ್ಲಿಂದ, ಎಷ್ಟು ತಡ.
ಅವನಪ್ಪ ಅಲ್ಲಿ ಪೆಟ್ಟಿಗೆ ಹೇರುವವ.
ಪಟ್ಟಿಯಲ್ಲಿ ಅವನದು ಮೂರನೆಯ ಹೆಸರು.

ಪೂರ್ವಸಿದ್ಧತಾ ಪರೀಕ್ಷೆಯ ಹದಿನೇಳನೆಯ ಪ್ರಶ್ನೆ:
ಮಧ್ಯಾಹ್ನ ಒಂದು ಇಪ್ಪತ್ತಕ್ಕೆ ಬಹರೈನ್ ಬಿಟ್ಟ ವಿಮಾನ
ನಾಲ್ಕು ಗಂಟೆ ಹತ್ತು ನಿಮಿಷ ಹಾರಿದರೆ
ಮಂಗಳೂರು ತಲುಪುವುದು ಎಷ್ಟಕ್ಕೆ?
ನಾಲ್ಕು ವೃತ್ತ. ಒಂದನ್ನು ಕಪ್ಪು ಮಾಡಬೇಕು.
ಕೀ ಉತ್ತರ ಐದೂವರೆ.
ಅವನು ನಾಲ್ಕನ್ನೂ ಬಿಟ್ಟು
ಪಕ್ಕದಲ್ಲಿ ಐದನೆಯದೊಂದು ವೃತ್ತ ಎಳೆದು
ಗೆರೆ ದಾಟದ ಹಾಗೆ ತುಂಬಿ
ಕೆಳಗೆ 'ಎಂಟು ಗಂಟೆ' ಎಂದು ಬರೆದಿದ್ದ.
ಯಂತ್ರಕ್ಕೆ ಐದನೆಯದು ಕಾಣುವುದಿಲ್ಲ. ಸೊನ್ನೆ.

ಎಂಟೇ ಸರಿ.
ಅಲ್ಲಿಯ ಗಡಿಯಾರ ಎರಡೂವರೆ ಗಂಟೆ ಮುಂದೆ.
ಹನ್ನೊಂದು ವರ್ಷದಿಂದ ಅಮ್ಮನಿಗೆ ಫೋನ್ ಮಾಡುವಾಗೆಲ್ಲ
ನಾನು ಕೂಡಿಸಿಕೊಳ್ಳುವ ಎರಡೂವರೆ.
ಆ ಪ್ರಶ್ನೆ ತೆಗೆದವಳು ನಾನೇ.

ತಿದ್ದಬಹುದೇ ಎಂದು ಕೇಳಿದೆ.
"ಡೇಟಾ ಹೋಗಿಬಿಟ್ಟಿದೆ," ಎಂದರು.
ಬರುವ ವರ್ಷದಿಂದ ಎಲ್ಲ ಸುಧಾರಣೆಯಂತೆ:
ಅಂಕ ಇರುವುದಿಲ್ಲ, ಬಣ್ಣ ಇರುತ್ತದೆ,
ಹಸಿರು, ಹಳದಿ, ಕೆಂಪು.
ಸುತ್ತೋಲೆ ಓದುತ್ತಿರುವಾಗ ವಿಮಾನ ಬಂತು,
ಮಕ್ಕಳ ಬಗ್ಗೆ ಇದ್ದ ಸಾಲು ಯಾರಿಗೂ ಕೇಳಿಸಲಿಲ್ಲ.
ಯಾರೂ ಮತ್ತೆ ಓದಿಸಲಿಲ್ಲ. ನಾನೂ.

ರಾತ್ರಿ ಅಫ್ಲಹನ ತಾಯಿಗೆ ಫೋನ್ ಮಾಡಿದೆ.
"ಅವನಿಗೆ ಜ್ವರ ಉಂಟಾ?"
"ಇಲ್ಲ ಟೀಚರ್, ಎಂತ ಇಲ್ಲ. ಹುಷಾರುಂಟು."
"ಭಾನುವಾರ ಬರಬಹುದು."
ಆಚೆ ಕುಕ್ಕರು ಕೂಗಿತು, ಎರಡು ಸಲ, ಮೂರು ಸಲ.
ಆಮೇಲೆ ಝೊಹರಾ ಹೇಳಿದರು,
"ಗೊತ್ತಾಯಿತು ಟೀಚರ್.
ಹತ್ತನೇ ಕ್ಲಾಸಿನಲ್ಲಿ ನನಗೂ ಬಂದಿತ್ತು, ಸುರತ್ಕಲ್ಲಿನಲ್ಲಿ.
ಆ ವರ್ಷ ಶಾಲೆಗೆ ನೂರಕ್ಕೆ ನೂರು."

ಭಾನುವಾರ ಬಂದ ಅಧಿಕಾರಿ ಒಳ್ಳೆಯ ಹೆಂಗಸು,
ಮಕ್ಕಳ ಜೊತೆ ನೆಲದ ಮೇಲೆ ಕೂತರು,
ಇಪ್ಪತ್ನಾಲ್ಕು ತಲೆ ಎಣಿಸಿದರು,
ಖಾಲಿ ಕುರ್ಚಿಗಳ ಕಡೆ ನೋಡಿದರು.
"ಜ್ವರ," ಎಂದೆ.
"ಏಳು ಜನಕ್ಕೂ?" ಎಂದರು.
ಅಷ್ಟರಲ್ಲಿ ವಿಮಾನ ಬಂತು.
ಎಲ್ಲಿಂದ ಬಂತೆಂದು ಹೇಳುವವರಿರಲಿಲ್ಲ.

ಬುಧವಾರ ಅಫ್ಲಹ್ ರಜೆಚೀಟಿ ತಂದ.
ಅವನದೇ ಅಕ್ಷರ, ಅಮ್ಮನ ಸಹಿ, ಒಂದೂ ತಪ್ಪಿಲ್ಲ.
"ಸ್ಕೂಲಿಗೆ ಎಷ್ಟು ಬಂತು ಟೀಚರ್?"

ನಾನು ಹಾಜರಿ ಪುಸ್ತಕ ತೆರೆದೆ.
ಕಿಟಕಿ ನಡುಗಿತು.
ಅವನು ಆಗಲೇ ಬ್ಯಾಗಿನೊಳಗೆ ರಬ್ಬರು ಹುಡುಕುತ್ತಿದ್ದ.
"ಕೋಝಿಕ್ಕೋಡ್," ಅಂದ. "ನಲವತ್ತು ನಿಮಿಷ ತಡ."